ನಾಯಿಗೆ ಎಸೆಯುವ ಆ ಗುಳ್ಳೆ

ಕುರಿ ಕಡಿದು ಹೊಟ್ಟೆ ಸೀಳಿದಾಗ ಒಮ್ಮೊಮ್ಮೆ ಲಿವರಿನ ಮೇಲೋ ಶ್ವಾಸಕೋಶದ ಮೇಲೋ ಬೆಳ್ಳಗಿನ ಗುಳ್ಳೆಗಳು ಕಾಣುತ್ತವೆ. ಚಾಕುವಿನ ತುದಿ ತಾಗಿದರೆ ತಿಳಿನೀರು ಚಿಮ್ಮುತ್ತದೆ. ಹಿಂದೆಯೇ ಎಳನೀರಿನ ಗಂಜಿಯಂಥ ತೆಳು ಬಿಳಿ ಪೊರೆ ಜಾರಿ ಬರುತ್ತದೆ. ಕಸುಬು ಬಲ್ಲವರು ಆ ಭಾಗವನ್ನು ತಕ್ಕಡಿಗೆ ಹಾಕುವುದಿಲ್ಲ, ಕೊಯ್ದು ಆಚೆ ಎಸೆಯುತ್ತಾರೆ. ಆಚೆ ನಾಯಿ ಕಾದು ಕೂತಿರುತ್ತದೆ. ಇದರಲ್ಲಿ ಯಾರಿಗೂ ತಪ್ಪೇನೂ ಕಾಣುವುದಿಲ್ಲ. ಕೆಟ್ಟ ಮಾಂಸ ಮನುಷ್ಯರ ತಟ್ಟೆಗೆ ಹೋಗಲಿಲ್ಲ, ಒಂದು ನಾಯಿಯ ಹೊಟ್ಟೆಯೂ ತುಂಬಿತು.

ಇದೇ ಗುಳ್ಳೆ ಮನುಷ್ಯರ ಹೊಟ್ಟೆಯಲ್ಲಿ, ಎದೆಯಲ್ಲಿ, ಅಪರೂಪಕ್ಕೆ ಮಿದುಳಿನಲ್ಲೂ ಬೆಳೆಯುವ ರೋಗವೊಂದಿದೆ. ವೈದ್ಯರು ಅದನ್ನು ಹೈಡಾಟಿಡ್ ಎನ್ನುತ್ತಾರೆ. ಆ ರೋಗ ಒಂದು ಊರಿನಲ್ಲಿ ಉಳಿಯುವುದೂ ಅಳಿಯುವುದೂ ಹೆಚ್ಚುಕಡಿಮೆ ಆ ಎಸೆತದ ಮೇಲೆಯೇ ನಿಂತಿದೆ.

ಇದರ ಮೂಲ ಏಕಿನೊಕಾಕಸ್ ಗ್ರಾನ್ಯುಲೋಸಸ್ ಎಂಬ ಲಾಡಿಹುಳು. ಲಾಡಿಹುಳು ಎಂದಾಕ್ಷಣ ಮೊಳಗಟ್ಟಲೆ ಉದ್ದದ್ದು ನೆನಪಾಗಬಹುದು. ಇದು ಬರೀ ಎರಡರಿಂದ ಏಳು ಮಿಲಿಮೀಟರಿನದು. ನಾಯಿಯ ಸಣ್ಣಕರುಳಿನ ಗೋಡೆಗೆ ಕಚ್ಚಿಕೊಂಡು ಬದುಕುತ್ತದೆ. ಒಂದೇ ನಾಯಿಯ ಕರುಳಿನಲ್ಲಿ ಸಾವಿರಾರು ಹುಳುಗಳಿದ್ದರೂ ನಾಯಿ ಗೆಲುವಾಗಿಯೇ ಓಡಾಡಿಕೊಂಡಿರುತ್ತದೆ, ಬಾಲ ಅಲ್ಲಾಡಿಸುತ್ತದೆ, ಮಕ್ಕಳೊಡನೆ ಆಡುತ್ತದೆ. ಹುಳುವಿನ ಮೊಟ್ಟೆಗಳು ಅದರ ಮಲದಲ್ಲಿ ಹೊರಬರುತ್ತವೆ. ಅವು ಬರಿಗಣ್ಣಿಗೆ ಕಾಣುವಂಥವಲ್ಲ. ಹುಲ್ಲಿಗೆ, ಸೊಪ್ಪಿನ ಮಡಿಗೆ, ಕಟ್ಟೆಯ ನೀರಿಗೆ, ಕಡೆಗೆ ನಾಯಿಯ ಮೈಗೂದಲಿಗೇ ಅಂಟಿಕೊಳ್ಳುತ್ತವೆ. ಬಿರುಬಿಸಿಲಿಗೆ ಒಣಗಿದರೆ ಬೇಗ ಸಾಯುತ್ತವೆ, ತಂಪಾದ ತೇವದ ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.

ಮೇಯಲು ಬಂದ ಕುರಿ, ಆಡು, ದನ, ಎಮ್ಮೆ ಹುಲ್ಲಿನ ಜೊತೆ ಆ ಮೊಟ್ಟೆಯನ್ನೂ ನುಂಗುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ಕರುಳನ್ನು ಕೊರೆದು ರಕ್ತನಾಳ ಸೇರಿ, ಲಿವರಿನಲ್ಲೋ ಶ್ವಾಸಕೋಶದಲ್ಲೋ ತಂಗಿ, ನೀರುಗುಳ್ಳೆಯಾಗಿ ಊದತೊಡಗುತ್ತದೆ. ಗುಳ್ಳೆಯ ಒಳಪದರದಲ್ಲಿ ಮುಂದಿನ ಹುಳುಗಳ ತಲೆಗಳು ಸಾವಿರಗಟ್ಟಲೆ ಮೂಡಿ, ಉದುರಿ, ತಳದಲ್ಲಿ ಕೂರುತ್ತವೆ. ವೈದ್ಯರು ಇದನ್ನು ಹೈಡಾಟಿಡ್ ಮರಳು ಎಂದೇ ಕರೆಯುತ್ತಾರೆ. ಈ ಮರಳಿನ ಒಂದೊಂದು ಕಣವೂ ನಾಯಿಯ ಕರುಳು ಸೇರಿದರೆ ಒಂದೊಂದು ಹುಳುವಾಗಬಲ್ಲದು. ಹಸಿ ಲಿವರು ನಾಯಿಯ ಬಾಯಿಗೆ ಬಿದ್ದ ಆರೇಳು ವಾರಗಳಲ್ಲಿ ಹೊಸ ಮೊಟ್ಟೆಗಳು ಊರಿನ ನೆಲಕ್ಕೆ ಬೀಳತೊಡಗುತ್ತವೆ. ಚಕ್ರ ಹೀಗೆ ತಿರುಗುತ್ತಿರುತ್ತದೆ.

ಮನುಷ್ಯ ಈ ಚಕ್ರದಲ್ಲಿ ಆಕಸ್ಮಿಕವಾಗಿ ಸಿಕ್ಕಿಬಿದ್ದವನು. ನಾಯಿಯ ಮೈ ಸವರಿದ ಕೈ ತೊಳೆಯದೆ ಬಾಯಿಗೆ ಹೋದಾಗ, ತೊಳೆಯದ ಹಸಿ ತರಕಾರಿ ತಿಂದಾಗ, ಮಣ್ಣಿನಲ್ಲಿ ಆಡಿದ ಮಗು ಬೆರಳು ಚೀಪಿದಾಗ ಮೊಟ್ಟೆ ಹೊಟ್ಟೆ ಸೇರುತ್ತದೆ. ಆಮೇಲೆ ಕುರಿಯಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ, ಆದರೆ ಬಹಳ ನಿಧಾನ. ಗುಳ್ಳೆ ವರ್ಷಕ್ಕೆ ಒಂದೆರಡು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಬಾಲ್ಯದಲ್ಲಿ ನುಂಗಿದ ಮೊಟ್ಟೆ ಮೂವತ್ತರ ವಯಸ್ಸಿನಲ್ಲಿ ಬಲಪಕ್ಕೆಯ ನೋವಾಗಿ, ಬಿಡದ ಕೆಮ್ಮಾಗಿ ತಲೆ ಎತ್ತಬಹುದು. ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಇದು ಸಿಕ್ಕಿಬೀಳುವುದೂ ಉಂಟು. ಒಳಗೇ ಗುಳ್ಳೆ ಒಡೆದರೆ ರೋಗಿಯ ರಕ್ತದೊತ್ತಡ ದಿಢೀರ್ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಬದುಕಿ ಉಳಿದರೂ ಚೆಲ್ಲಿದ ಮರಳಿನಿಂದ ಹೊಟ್ಟೆಯ ತುಂಬ ಹೊಸ ಗುಳ್ಳೆಗಳು ಹುಟ್ಟಬಹುದು. ಅದಕ್ಕೇ ಶಸ್ತ್ರಚಿಕಿತ್ಸಕರು ಗುಳ್ಳೆಯ ಸುತ್ತ ಗಟ್ಟಿ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಒತ್ತಾಗಿ ತುರುಕಿ, ಒಂದು ಹನಿಯೂ ಹೊರಚೆಲ್ಲದಂತೆ ಕಾದು ಕೆಲಸ ಮಾಡುತ್ತಾರೆ. ಕೆಲವು ಗುಳ್ಳೆಗಳಿಗೆ ಸೂಜಿ ಚುಚ್ಚಿ ನೀರು ಹೀರಿ, ಹುಳು ಸಾಯುವ ದ್ರವ ತುಂಬಿ, ಮತ್ತೆ ಹೀರುವ ಪದ್ಧತಿಯಿದೆ. ಆಲ್ಬೆಂಡಜೋಲ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕಾಗುತ್ತದೆ. ಏಕಿನೊಕಾಕಸ್ ಜಾತಿಯ ಹುಳುಗಳಿಂದ ಯಾವುದೇ ಹೊತ್ತಿನಲ್ಲಿ ಜಗತ್ತಿನ 10 ಲಕ್ಷಕ್ಕೂ ಹೆಚ್ಚು ಜನ ನರಳುತ್ತಿರುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ವರ್ಷಕ್ಕೆ ಸಾಯುವವರು ಸುಮಾರು 19,300.

ಇಲ್ಲಿ ಕೆಲವು ತಪ್ಪು ತಿಳಿವಳಿಕೆಗಳನ್ನು ನೇರವಾಗಿಯೇ ತಳ್ಳಿಹಾಕಬೇಕು. ಇದು ನಾಯಿ ಕಚ್ಚಿ ಬರುವ ರೋಗವಲ್ಲ, ರೇಬೀಸಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮಟನ್ ತಿಂದರೆ ಬರುವುದೂ ಇಲ್ಲ. ಗುಳ್ಳೆಯಿದ್ದ ಲಿವರನ್ನು ಮನುಷ್ಯ ತಿಂದರೂ ಅವನ ಕರುಳಿನಲ್ಲಿ ಆ ಹುಳು ಬೆಳೆಯುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹೀಗಾಗಿ ಮಾಂಸ ತಿನ್ನದ ಮನೆಯ ಮಗುವಿಗೂ ಈ ರೋಗ ಬರಬಹುದು, ದಿನವೂ ಮಟನ್ ತಿನ್ನುವವರು ಪಾರಾಗಿಯೂ ಇರಬಹುದು. ಯಾರು ಏನು ತಿಂದರು ಎಂಬುದಕ್ಕಿಂತ ಆ ಬೀದಿಯ ನಾಯಿ ಏನು ತಿಂದಿತು ಎಂಬುದು ಮುಖ್ಯ.

ಈ ಮಾತನ್ನು ಒಂದು ಇಡೀ ದೇಶ ಮೊದಲು ಅರ್ಥಮಾಡಿಕೊಂಡದ್ದು ಐಸ್‌ಲ್ಯಾಂಡಿನಲ್ಲಿ. ಹತ್ತೊಂಬತ್ತನೇ ಶತಮಾನದ ನಡುವೆ ಆ ದ್ವೀಪದಷ್ಟು ಹೈಡಾಟಿಡ್ ಬಹುಶಃ ಬೇರೆಲ್ಲೂ ಇರಲಿಲ್ಲ. ಹೆಚ್ಚುಕಡಿಮೆ ಎಲ್ಲರ ಬದುಕೂ ಕುರಿಯ ಮೇಲೆ ನಿಂತಿತ್ತು, ಕುರಿ ಕಾಯಲು ಮನೆಮನೆಗೂ ನಾಯಿ ಬೇಕಿತ್ತು, ಚಳಿಗಾಲದಲ್ಲಿ ನಾಯಿ ಮನೆಯೊಳಗೇ ಮಲಗುತ್ತಿತ್ತು. 1863ರಲ್ಲಿ ಡೆನ್ಮಾರ್ಕಿನಿಂದ ಹರಾಲ್ಡ್ ಕ್ರಾಬ್ ಎಂಬ ಹುಳುತಜ್ಞ ಅಲ್ಲಿಗೆ ಹೋದ. ನೂರು ನಾಯಿಗಳ ಕರುಳನ್ನು ಬಿಡಿಸಿ ನೋಡಿದ. 28 ನಾಯಿಗಳಲ್ಲಿ ಈ ಹುಳು ಸಿಕ್ಕಿತು. ನಾಯಿಯ ಹುಳುವೇ ಕುರಿಯ ಮತ್ತು ಮನುಷ್ಯನ ಗುಳ್ಳೆಗೆ ಮೂಲ ಎಂಬುದು ವಿಜ್ಞಾನಿಗಳಿಗೆ ಆಗಷ್ಟೇ ಖಚಿತವಾಗುತ್ತಿದ್ದ ಕಾಲ ಅದು. ಕ್ರಾಬ್ ತನ್ನ ಶೋಧವನ್ನು ಪಂಡಿತರ ಪತ್ರಿಕೆಗಷ್ಟೇ ಬಿಡಲಿಲ್ಲ. ರೈತರಿಗಾಗಿಯೇ ಸರಳವಾಗಿ ಬರೆದ ಚಿಕ್ಕ ಪುಸ್ತಿಕೆ ಮರುವರ್ಷ ಐಸ್‌ಲ್ಯಾಂಡಿನ ಭಾಷೆಯಲ್ಲಿ ಅಚ್ಚಾಗಿ ಮನೆಮನೆಗೆ ಪುಕ್ಕಟೆಯಾಗಿ ಹೋಯಿತು. ಗುಳ್ಳೆ ಕಂಡರೆ ಸುಡಿ ಇಲ್ಲವೇ ಹೂಳಿ, ನಾಯಿಗೆ ಕೊಡಬೇಡಿ ಎಂಬುದೇ ಅದರ ತಿರುಳು. ಓದುಬರಹ ಬಲ್ಲ ಜನ, ಉದ್ದನೆಯ ಚಳಿಗಾಲದ ಸಂಜೆಗಳಲ್ಲಿ ಮನೆಮಂದಿಯೆಲ್ಲ ಕೂತು ಒಬ್ಬರು ಓದುವುದನ್ನು ಉಳಿದವರು ಕೇಳುವ ರೂಢಿ. ಪುಸ್ತಿಕೆ ನಾಟಿತು. 1869ರಿಂದ ನಾಯಿ ಸಾಕುವುದಕ್ಕೆ ಕಾನೂನಿನ ಕಟ್ಟುಪಾಡೂ ಬಂತು.

ಫಲ ಎಷ್ಟು ಬೇಗ ಬಂತೆಂಬುದು ಶವಪರೀಕ್ಷೆಯ ದಾಖಲೆಗಳಿಂದ ಗೊತ್ತಾಗುತ್ತದೆ. 1860ರ ದಶಕದಲ್ಲಿ ಹುಟ್ಟಿದವರ ದೇಹಗಳಲ್ಲಿ ಐದಕ್ಕೆ ಒಂದರಲ್ಲಾದರೂ ಗುಳ್ಳೆಯಿತ್ತು. 1890ರ ದಶಕದಲ್ಲಿ ಹುಟ್ಟಿದವರಲ್ಲಿ ಅದು ನೂರಕ್ಕೆ ಎರಡು ಮೂರಕ್ಕೆ ಇಳಿದಿತ್ತು. ಇಪ್ಪತ್ತನೇ ಶತಮಾನದಲ್ಲಿ ಹುಟ್ಟಿದವರಲ್ಲಿ ಹುಡುಕಿದರೂ ಸಿಗುವುದು ಕಷ್ಟವಾಯಿತು. ಮುದಿ ಕುರಿಗಳ ಬದಲು ಎಳೆಯ ಮರಿಗಳನ್ನು ಕಡಿಯುವ ಪದ್ಧತಿ ಬಂದದ್ದೂ ನೆರವಾಯಿತು, ಏಕೆಂದರೆ ಮರಿಯ ಲಿವರಿನಲ್ಲಿ ಗುಳ್ಳೆ ಬಲಿಯುವಷ್ಟು ಕಾಲ ಸಿಗುವುದಿಲ್ಲ. ಇವತ್ತಿನ ಪರಿಣಾಮಕಾರಿ ಮಾತ್ರೆ, ಲಸಿಕೆ, ಸ್ಕ್ಯಾನು ಒಂದೂ ಇಲ್ಲದ ಕಾಲದಲ್ಲಿ ಇಷ್ಟು ಆಯಿತು. ಈ ರೋಗದ ಇಡೀ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡದೆನಿಸುವ ಸಂಗತಿ ಇದೇ. ಇಂದಿಗೂ ನಮಗೆ ಬೇಕಿರುವುದರಲ್ಲಿ ಮುಕ್ಕಾಲು ಪಾಲು ಆ ಪುಸ್ತಿಕೆಯಲ್ಲೇ ಇತ್ತು.

ನ್ಯೂಜಿಲೆಂಡಿನ ಕಥೆಯಲ್ಲಿ ನಮ್ಮ ಮಲೆನಾಡಿನವರ ಕಿವಿ ನೆಟ್ಟಗಾಗುವ ಒಂದು ಅಂಶವಿದೆ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಸತ್ವವಿದೆ, ಎಲೆಯಡಿಕೆ ಹಾಕಿದಾಗ ಮೈ ಬಿಸಿಯೇರುವುದಕ್ಕೂ ಅದೇ ಕಾರಣ. ಅದನ್ನು ನಾಯಿಗೆ ಕೊಟ್ಟರೆ ಕರುಳು ಬಿರುಸಾಗಿ ಹಿಂಡಿಕೊಂಡು ಭೇದಿಯಾಗುತ್ತದೆ, ಲಾಡಿಹುಳು ಹಿಡಿತ ತಪ್ಪಿ ಹೊರಬೀಳುತ್ತದೆ. ಒಟಾಗೋದ ಶಸ್ತ್ರಚಿಕಿತ್ಸಕ ಸರ್ ಲೂಯಿಸ್ ಬಾರ್ನೆಟ್ ಈ ಗುಳ್ಳೆಗಳನ್ನು ಕತ್ತರಿಸಿ ತೆಗೆದು ತೆಗೆದು ಬೇಸತ್ತು, ರೋಗವನ್ನು ಆಪರೇಷನ್ ಕೋಣೆಯ ಹೊರಗೇ ತಡೆಯಬೇಕೆಂದು ದಶಕಗಳ ಕಾಲ ದನಿಯೆತ್ತಿದವರು. ಮೊದಲಿಗೆ ನಾಯಿಯ ಲೈಸೆನ್ಸಿನ ಜೊತೆ ಅರೆಕೋಲಿನ್ ಮಾತ್ರೆಯನ್ನೂ ಮಾಲೀಕರ ಕೈಗೆ ಕೊಟ್ಟು ಕಳಿಸುತ್ತಿದ್ದರು. ಹೆಚ್ಚು ಪ್ರಯೋಜನವಾಗಲಿಲ್ಲ. ಮಾತ್ರೆ ನಾಯಿಯ ಹೊಟ್ಟೆಗೇ ಹೋಯಿತೇ ಎಂದು ನೋಡುವವರು ಯಾರಿದ್ದರು?

1959ರಲ್ಲಿ ಹೈಡಾಟಿಡ್ ಕಾಯಿದೆ ಬಂತು, ರಾಷ್ಟ್ರೀಯ ಹೈಡಾಟಿಡ್ ಮಂಡಳಿ ಹುಟ್ಟಿತು. ಆಮೇಲೆ ಊರೂರಿನಲ್ಲಿ ಒಂದು ನೆಲದ ಪಟ್ಟಿ ಗೊತ್ತುಮಾಡಿ, ಗೊತ್ತಾದ ದಿನ ಎಲ್ಲರೂ ತಮ್ಮ ನಾಯಿಗಳನ್ನು ಅಲ್ಲಿಗೇ ತಂದು ಸಾಲಾಗಿ ಕಟ್ಟಬೇಕಾಯಿತು. ಅಧಿಕಾರಿ ಅಡಿಕೆಸತ್ವದ ಮದ್ದು ಕುಡಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ನಾಯಿ ಭೇದಿ ಮಾಡಿಕೊಂಡಾಗ ಅದನ್ನು ಎತ್ತಿ, ಹುಳು ಇದೆಯೇ ಎಂದು ಪರೀಕ್ಷೆಗೆ ಹಾಕುತ್ತಿದ್ದ. ಕೊಳಕು ಕೆಲಸ, ನಾಯಿಗೂ ಹಿಂಸೆ. ಆದರೆ ತನ್ನ ಮುದ್ದಿನ ನಾಯಿಯ ಹೊಟ್ಟೆಯಿಂದ ಬಂದ ಹುಳುವನ್ನು ನೆರೆಹೊರೆಯವರ ಎದುರಿಗೇ ಕಂಡ ರೈತ ಮತ್ತೆ ಹಸಿ ಲಿವರು ಎಸೆಯಲು ಹಿಂಜರಿಯುತ್ತಿದ್ದ. ಹಸಿ ಒಳಾಂಗಗಳನ್ನು ನಾಯಿಗೆ ಹಾಕುವುದು ಕಾನೂನಿಗೂ ವಿರುದ್ಧವಾಗಿತ್ತು. ಮುಂದೆ ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ಬಂದು ಭೇದಿಯ ಗೋಳು ತಪ್ಪಿತು, ಆರು ವಾರಕ್ಕೊಮ್ಮೆ ಅದನ್ನು ಕೊಡುವ ಕ್ರಮ ಬಂತು. ಹುಳು ಬಲಿತು ಮೊಟ್ಟೆಯಿಡುವ ಮೊದಲೇ ಅದನ್ನು ಕೊಲ್ಲುವ ಲೆಕ್ಕ ಅದು. ರೋಗ ಹೆಚ್ಚುಕಡಿಮೆ ತೊಲಗಿತೆಂದು ಆ ದೇಶ ಸಾರಿದ್ದು 2002ರಲ್ಲಿ. 1960ರ ದಶಕದ ನಡುವೆ ಕೆಲಸ ಶುರುಮಾಡಿದ ಆಸ್ಟ್ರೇಲಿಯಾದ ಟಾಸ್ಮೇನಿಯಾ 1996ರಲ್ಲಿ ಹಾಗೆ ಹೇಳಿಕೊಳ್ಳುವಂತಾಯಿತು.

ಸೈಪ್ರಸ್ ಬೇರೆ ದಾರಿ ಹಿಡಿಯಿತು. 1971ರಿಂದ ಅಲ್ಲಿ ಕಸಾಯಿಖಾನೆಗಳನ್ನು ಬಿಗಿ ಮಾಡಿದ್ದರ ಜೊತೆಗೆ ಬೀದಿನಾಯಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದರು. ರೋಗ ಇಳಿಯಿತು, 1985ರಲ್ಲಿ ಮುಗಿಯಿತೆಂದು ಕೆಲಸ ನಿಲ್ಲಿಸಿದರು. 1990ರ ದಶಕದಲ್ಲಿ ಕುರಿಗಳಲ್ಲಿ ಗುಳ್ಳೆ ಮತ್ತೆ ಕಾಣಿಸಿಕೊಂಡಿತು. ದ್ವೀಪ 1974ರಲ್ಲಿ ಇಬ್ಭಾಗವಾಗಿತ್ತು, ಗಡಿಯಾಚೆ ಕಾರ್ಯಕ್ರಮ ನಿಂತುಹೋಗಿತ್ತು. ನಾಯಿಗೆ ಗಡಿ ತಿಳಿಯದು.

ಈ ದ್ವೀಪಗಳ ಅನುಭವ ನಮಗೆ ಹಾಗೇ ಹೊಂದುವುದಿಲ್ಲ. ಅಲ್ಲಿನ ನಾಯಿಗಳಿಗೆ ಯಜಮಾನರಿದ್ದರು, ನಮ್ಮಲ್ಲಿ ಬಹುಪಾಲು ನಾಯಿಗಳಿಗೆ ಬೀದಿಯೇ ಮನೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಒಂದು ಕೋಟಿ ಹತ್ತು ಲಕ್ಷದಷ್ಟು ಕುರಿಗಳಿದ್ದವು. ತೆಲಂಗಾಣ, ಆಂಧ್ರದ ನಂತರ ದೇಶದಲ್ಲಿ ನಮ್ಮದೇ ಸ್ಥಾನ. ಇವುಗಳಲ್ಲಿ ಎಷ್ಟೋ ಕುರಿಗಳು ಪಶುವೈದ್ಯರು ಕಣ್ಣಾಡಿಸುವ ಕಸಾಯಿಖಾನೆಯ ಮುಖವನ್ನೇ ಕಾಣುವುದಿಲ್ಲ. ಊರಹೊರಗಿನ ಹುಣಸೆಮರದ ಕೆಳಗೆ, ಭಾನುವಾರದ ರಸ್ತೆಬದಿಯ ಅಂಗಡಿಯಲ್ಲಿ, ಮಾರಿಹಬ್ಬದ ದಿನ ಮನೆಮನೆಯ ಅಂಗಳದಲ್ಲಿ ಕಡಿತ ನಡೆಯುತ್ತದೆ. ಜಾತ್ರೆಯ ಮರುದಿನ ಊರ ಸುತ್ತಿನ ತಿಪ್ಪೆಗಳಲ್ಲಿ ಏನೇನು ಬಿದ್ದಿರುತ್ತದೆ, ಎಷ್ಟು ನಾಯಿಗಳು ನೆರೆದಿರುತ್ತವೆ ಎಂದು ಹಳ್ಳಿಯವರಿಗೆ ಹೇಳಬೇಕಿಲ್ಲ. ಹಿಂಡಿನ ಜೊತೆ ಊರೂರು ಅಲೆಯುವ ಕುರಿಗಾಹಿಗಳಿಗೆ, ನಾಯಿಯನ್ನು ಅವುಚಿಕೊಂಡು ಮಲಗುವ ಅವರ ಮಕ್ಕಳಿಗೆ ಅಪಾಯ ಎಲ್ಲರಿಗಿಂತ ಹೆಚ್ಚು.

ಇದಕ್ಕೆ ಇನ್ನೊಂದು ದುರಂತ ಸೇರಿಕೊಂಡಿದೆ. ಮೊದಲು ಊರಾಚೆ ಎಸೆದ ಸತ್ತ ದನವನ್ನು ರಣಹದ್ದುಗಳು ಗಂಟೆಗಳಲ್ಲಿ ಮೂಳೆ ಮಾತ್ರ ಉಳಿಸಿ ಮುಗಿಸುತ್ತಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಕಳೇಬರದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ಹದಿನೈದು ವರ್ಷಗಳಲ್ಲಿ ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ನೂರಕ್ಕೆ 99ರಷ್ಟು ನಾಶವಾಯಿತು. 2006ರಲ್ಲಿ ಆ ಮದ್ದನ್ನು ದನಗಳಿಗೆ ನಿಷೇಧಿಸುವ ಹೊತ್ತಿಗೆ ಹದ್ದುಗಳು ಬಿಟ್ಟುಹೋದ ಊಟಕ್ಕೆ ನಾಯಿಗಳು ಬಂದಾಗಿತ್ತು. ಭಾರತದಲ್ಲಿ ಹೈಡಾಟಿಡ್ ರೋಗದಿಂದ ವರ್ಷಕ್ಕೆ ಸುಮಾರು 1,147 ಕೋಟಿ ರೂಪಾಯಿ ನಷ್ಟ ಎಂದು ಸಂಶೋಧಕರು 2014ರಲ್ಲಿ ಅಂದಾಜು ಮಾಡಿದ್ದರು. ಅದರ ಬಹುಭಾಗ ದನ ಎಮ್ಮೆಗಳ ಲೆಕ್ಕದಲ್ಲೇ ಇತ್ತು. ಹಾಲು ಕಡಿಮೆಯಾಗುವುದು, ಮೈ ಹಿಡಿಯದಿರುವುದು ರೈತನ ಗಮನಕ್ಕೂ ಬಾರದೆ ಕೈಬಿಡುವ ಹಣ.

ಬೀದಿನಾಯಿಗಳ ಬಗ್ಗೆ ಈಗ ನಡೆಯುತ್ತಿರುವ ಜಗಳದಲ್ಲಿ ಈ ಹುಳುವಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟು ಹಿಡಿದ ನಾಯಿಗಳಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಜಂತುಹುಳುವಿನ ಔಷಧ ಕೊಟ್ಟು ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ರೇಬೀಸ್ ಲಸಿಕೆ ತಿಂಗಳುಗಟ್ಟಲೆ ಕಾಯುತ್ತದೆ. ಜಂತುಹುಳುವಿನ ಮಾತ್ರೆ ಹಾಗಲ್ಲ, ಆ ಹೊತ್ತಿಗೆ ಕರುಳಿನಲ್ಲಿದ್ದ ಹುಳುವನ್ನು ಕೊಂದು ತನ್ನ ಕೆಲಸ ಮುಗಿಸುತ್ತದೆ. ಬಿಡುಗಡೆಯಾದ ನಾಯಿ ಮರುದಿನವೇ ಗುಳ್ಳೆಯಿದ್ದ ಶ್ವಾಸಕೋಶ ತಿಂದರೆ ಎಲ್ಲವೂ ಮೊದಲಿಂದ ಶುರು. ಎಲ್ಲ ಬೀದಿನಾಯಿಗಳಿಗೂ ಆರು ವಾರಕ್ಕೊಮ್ಮೆ ಮಾತ್ರೆ ನುಂಗಿಸುವುದು ಯಾವ ನಗರಸಭೆಯಿಂದಲೂ ಆಗದ ಮಾತು. ನಾಯಿಗಳನ್ನು ಕೊಂದರೆ ಆಯಿತು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ತಿಪ್ಪೆಯಲ್ಲಿ ಮಾಂಸವಿರುವ ತನಕ ಖಾಲಿಯಾದ ಜಾಗಕ್ಕೆ ಪಕ್ಕದೂರಿನ ನಾಯಿ ಬಂದೇ ಬರುತ್ತದೆ. ನಾಯಿಯ ಪರ, ನಾಯಿಯ ವಿರುದ್ಧ ಎಂದು ಎರಡಾಗಿ ನಿಂತವರು ಒಟ್ಟಾಗಿ ಮಾಡಬಹುದಾದ ಕೆಲಸ ಒಂದಿದೆ, ಅದು ಹಸಿ ಲಿವರು ಶ್ವಾಸಕೋಶಗಳನ್ನು ನಾಯಿಗೆ ಸಿಗದಂತೆ ಮಾಡುವುದು.

ಸಾಕುನಾಯಿಯ ವಿಷಯದಲ್ಲಿ ಮಾತ್ರೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಪೇಟೆಯಲ್ಲಿ ಸಿಗುವ ಜಂತುಹುಳುವಿನ ಔಷಧಗಳೆಲ್ಲ ಈ ಹುಳುವನ್ನು ಕೊಲ್ಲುವುದಿಲ್ಲ. ಪ್ರಾಜಿಕ್ವಾಂಟೆಲ್ ಇದೆಯೇ ಎಂದು ಪಶುವೈದ್ಯರನ್ನು ಬಾಯಿಬಿಟ್ಟು ಕೇಳಬೇಕು, ಎಷ್ಟು ದಿನಕ್ಕೊಮ್ಮೆ ಎಂದೂ ಕೇಳಬೇಕು. ನಾಯಿಗೆ ಲಿವರು ಹಾಕಲೇಬೇಕೆಂದರೆ ಅರ್ಧ ಗಂಟೆಗಿಂತ ಹೆಚ್ಚು ಕುದಿಸಿ ಹಾಕಿ. ಕುರಿಗಳಿಗೆ ಇಜಿ95 ಎಂಬ ಲಸಿಕೆಯೂ ಇದೆ. ಆಸ್ಟ್ರೇಲಿಯಾದ ಮಾರ್ಷಲ್ ಲೈಟೌಲರ್ಸ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಹೀತ್ ತಂಡಗಳು ರೂಪಿಸಿದ ಇದನ್ನು ಅರ್ಜೆಂಟೀನಾದ ರಿಯೋ ನೀಗ್ರೋ ಪ್ರಾಂತ್ಯದಲ್ಲಿ 2009ರಿಂದ ಕುರಿಮರಿಗಳಿಗೆ ಹಾಕುತ್ತ ಬಂದಿದ್ದಾರೆ. ಕುರಿಯಲ್ಲಿ ಗುಳ್ಳೆಯೇ ಆಗದಿದ್ದರೆ ನಾಯಿಗೆ ಹುಳು ಎಲ್ಲಿಂದ ಬರಬೇಕು? ಬೆಂಗಳೂರಿನ ಹೆಬ್ಬಾಳದಲ್ಲೇ ಪಶುವೈದ್ಯ ಕಾಲೇಜಿದೆ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಕುರಿ ಹೆಚ್ಚಿರುವ ಒಂದೆರಡು ತಾಲ್ಲೂಕುಗಳಲ್ಲಿ ಈ ಲಸಿಕೆಯನ್ನು ಹಾಕಿ ನೋಡುವ ಕೆಲಸಕ್ಕೆ ಬೇಕಾದ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ.

ಇದರಲ್ಲಿ ಬೇಗ ಹೆಸರು ತಂದುಕೊಡುವ ಕೆಲಸ ಯಾವುದೂ ಇಲ್ಲ. ಇಂದು ತಡೆದ ಸೋಂಕಿನ ಲಾಭ ಆಸ್ಪತ್ರೆಯ ಲೆಕ್ಕದಲ್ಲಿ ಕಾಣಲು ಹತ್ತಿಪ್ಪತ್ತು ವರ್ಷ ಬೇಕು, ಅಷ್ಟರಲ್ಲಿ ಹಲವು ಸರ್ಕಾರಗಳು ಬಂದು ಹೋಗಿರುತ್ತವೆ. ಹಾಗಾಗಿ ಇದನ್ನು ರಾಜಧಾನಿಯ ಯೋಜನೆಗೆ ಕಾಯದೆ ಗ್ರಾಮ ಪಂಚಾಯಿತಿಯಿಂದಲೇ ಶುರುಮಾಡಬೇಕು. ಊರಲ್ಲಿ ಕುರಿ ಕಡಿಯುವ ಜಾಗವನ್ನು ಒಂದು ಕಡೆ ಗೊತ್ತುಮಾಡಿ, ನಾಯಿ ಕೆದಕಲಾರದಷ್ಟು ಆಳದ ಗುಂಡಿ ತೋಡಿಸಿ, ಮೇಲೆ ಗಟ್ಟಿ ಮುಚ್ಚಳ ಹಾಕಿಸಿ. ಸತ್ತ ದನ ಹೂಳುವುದಕ್ಕೂ ಜಾಗ ಬಿಡಿ. ಮಟನ್ ಅಂಗಡಿಯವರನ್ನು ಅಪರಾಧಿಗಳಂತೆ ಕಾಣಬೇಡಿ, ಗುಳ್ಳೆಯನ್ನು ಮೊದಲು ಗುರುತಿಸುವ ಕಣ್ಣು ಅವರದು. ಗುಳ್ಳೆ ಕಂಡ ಲಿವರನ್ನು ಅವರು ಗುಂಡಿಗೇ ಹಾಕಲಿ. ಶಾಲೆಯ ಬಿಸಿಯೂಟಕ್ಕೆ ಮೊದಲು ಮಕ್ಕಳ ಕೈಗೆ ಸೋಪು ಸಿಗಲಿ. ಕುರಿಗಾಹಿಗಳು ಊರಿನಲ್ಲಿ ಬೀಡುಬಿಟ್ಟಾಗ ಪಶು ಆಸ್ಪತ್ರೆಯವರು ಕುರಿಗಳಿಗೆ ಲಸಿಕೆ ಹಾಕುವ ಹೊತ್ತಿನಲ್ಲೇ ಅವರ ನಾಯಿಗಳಿಗೂ ಪ್ರಾಜಿಕ್ವಾಂಟೆಲ್ ಕೊಡಲಿ. ನಿಮ್ಮೂರಿನ ಮುಂದಿನ ಜಾತ್ರೆಯ ಸಭೆ ಸೇರಿದಾಗ ಚಪ್ಪರ, ಲೈಟು, ನಾಟಕದ ಖರ್ಚಿನ ಜೊತೆಗೆ ಆ ಗುಂಡಿಯ ಖರ್ಚನ್ನೂ ಪಟ್ಟಿಗೆ ಸೇರಿಸಿ.